ಲೆಕ್ಕದಲ್ಲಿಲ್ಲದ ಗೋಡೆ

ಬೆಂಕಿ ಹಚ್ಚುವುದು ನನ್ನ ಕೆಲಸ. ಮೂಡುಬಿದಿರೆಯ ಕಾಲೇಜೊಂದರಲ್ಲಿ ಕುಳಿತು, ಕಂಪ್ಯೂಟರಿನೊಳಗೆ ಉಕ್ಕಿನ ತೊಲೆ ನಿಲ್ಲಿಸಿ, ಅದರ ಒಂದೇ ಕಡೆಗೆ ಬೆಂಕಿ ಇಟ್ಟು, ಏನಾಗುತ್ತದೆಂದು ನೋಡುತ್ತೇನೆ. ಇಡೀ ಕಟ್ಟಡ ಉರಿಯಬೇಕೆಂದೇನಿಲ್ಲ. ಒಂದು ಮಾರು ಉದ್ದ ಚೆನ್ನಾಗಿ ಕಾದರೂ ಸಾಕು, ಉಕ್ಕು ಅಲ್ಲಿ ಮೆತ್ತಗಾಗುತ್ತದೆ. ಪರದೆಯ ಮೇಲೆ ನೀಲಿ ಹಳದಿಯಾಗುತ್ತದೆ, ಹಳದಿ ಕೆಂಪಾಗುತ್ತದೆ. ಯಾರಿಗೂ ಏನೂ ಆಗುವುದಿಲ್ಲ. ನಾನು ಚಹಾ ಕುಡಿಯುತ್ತೇನೆ.

ಈ ವಿದ್ಯೆಯಿಂದ ನನಗೆ ದಕ್ಕಿದ್ದು ಹೆದರಿಕೆ. ಯಾವ ಶೀಟಿನ ಚಾವಣಿಯ ಕೆಳಗೆ ಹೋದರೂ ಮೊದಲು ಮೇಲೆ ನೋಡುತ್ತೇನೆ. ಬಂಟ್ವಾಳದ ನಮ್ಮ ಮನೆಯಲ್ಲಿ ಅಮ್ಮ, ನಮ್ಮ ಮಾತಿನಲ್ಲಿ ಉಮ್ಮ, ನಗುತ್ತಿದ್ದರು: "ನಿನಗೆ ಆಕಾಶ ನೋಡಿದರೂ ಹೆದರಿಕೆ ಮಾರಾಯ್ತಿ."

ಬೆಳ್ತಂಗಡಿಯ ಹತ್ತಿರ ಉಮ್ಮನ ಅಣ್ಣನ ಮನೆ. ಮಾಮ ಗಲ್ಫ್‌ನಲ್ಲಿ ವೆಲ್ಡಿಂಗ್ ಮಾಡಿ ಬಂದವರು. ಮಗಳ ಮದುವೆಗೆಂದು ಹಿತ್ತಿಲಿನಲ್ಲಿ ಅಡುಗೆಯ ಶೆಡ್ ಕಟ್ಟಿದ್ದರು. ಎರಡು ಕೆಂಪುಕಲ್ಲಿನ ಗೋಡೆ, ಅವುಗಳ ನಡುವೆ ಒಂದು ಉಕ್ಕಿನ ತೊಲೆ, ತೊಲೆಗೆ ಸರಪಳಿಯ ರಾಟೆ. ಬಿರಿಯಾನಿಯ ದೊಡ್ಡ ಪಾತ್ರೆಯನ್ನು ನಾಲ್ಕು ಜನ ಹಿಡಿದು ಇಳಿಸುವ ಬದಲು ರಾಟೆಯಲ್ಲಿ ಎತ್ತುವುದು ಅವರ ಉಪಾಯ. ಹಾಗಾಗಿ ಮೂರು ಒಲೆಗಳೂ ಸರಿಯಾಗಿ ತೊಲೆಯ ಕೆಳಗೇ ಇದ್ದವು.

ಅವರು ಫೋನಿನಲ್ಲಿ ಕಳಿಸಿದ ಚಿತ್ರ ನೋಡಿ ನನಗೆ ನಿದ್ದೆ ಬರಲಿಲ್ಲ. ಅಳತೆ ಕೇಳಿಕೊಂಡು ಆ ತೊಲೆಯನ್ನೇ ಕಂಪ್ಯೂಟರಿನಲ್ಲಿ ಕಟ್ಟಿ ಬೆಂಕಿ ಹಚ್ಚಿದೆ. ನಡುಭಾಗ ಸ್ವಲ್ಪ ಬಾಗಿತು, ಬೀಳಲಿಲ್ಲ. ಅಪಾಯವಿದ್ದರೆ ತೊಲೆಯ ಕೆಳಗೆ ಮಾತ್ರ ಎಂದುಕೊಂಡೆ.

ಮದುವೆಯ ಬೆಳಿಗ್ಗೆ ಉಮ್ಮ ಒಲೆಗಳ ಪಕ್ಕದಲ್ಲೇ ಈರುಳ್ಳಿ ಹೆಚ್ಚುತ್ತಿದ್ದರು. ನಾನು ಅವರ ಕುರ್ಚಿಯನ್ನು ಎತ್ತಿ ಗೋಡೆಯ ಹೊರಬದಿಗೆ ತಂದು, ಗೋಡೆಗೆ ಒರಗಿಸಿ ಇಟ್ಟೆ. ಮಂಡಿನೋವಿನ ಉಮ್ಮ ಗೊಣಗುತ್ತಲೇ ಈರುಳ್ಳಿಯ ಜೊತೆ ಬಂದು ಕೂತರು. ನನಗೆ ಸಮಾಧಾನವಾಯಿತು.

ಅಡುಗೆಯವರು ಒಲೆಗಳಿಗೆ ತೆಂಗಿನ ಗೆರಟೆ ತುಂಬಿದರು. ಜ್ವಾಲೆ ಪಾತ್ರೆಗಳನ್ನು ದಾಟಿ ಮೇಲೆದ್ದಿತು. ಮಾಮ ನನ್ನ ಪಕ್ಕ ಬಂದು ನಿಂತರು.

"ನಿನ್ನ ಕಂಪ್ಯೂಟರ್ ಏನು ಹೇಳ್ತದೆ? ಎರಡೂ ತುದಿಗೆ ಪ್ಲೇಟ್ ಹಾಕಿ, ಗೋಡೆಯೊಳಗೆ ಕಾಂಕ್ರೀಟಿನಲ್ಲಿ ಕೂರಿಸಿದ್ದೇನೆ. ಕೂದಲಿನಷ್ಟೂ ಅಲ್ಲಾಡುವುದಿಲ್ಲ."

"ತುದಿಯಲ್ಲಿ ಸಂದಿ ಬಿಟ್ಟಿಲ್ವಾ ಮಾಮ?"

"ಸಂದಿ ಬಿಡುವವ ಎಂಥ ವೆಲ್ಡರ್?"

ಕಾದ ಉಕ್ಕು ಉದ್ದವಾಗುತ್ತದೆ. ನನ್ನ ಲೆಕ್ಕದಲ್ಲಿ ತೊಲೆಯ ಒಂದು ತುದಿ ಆರಾಮವಾಗಿ ಜಾರುತ್ತಿತ್ತು. ಹಾಗೆ ಬಿಟ್ಟರೆ ಲೆಕ್ಕ ಬೇಗ ಮುಗಿಯುತ್ತದೆ, ನಾನು ಯಾವಾಗಲೂ ಹಾಗೆಯೇ ಬಿಡುತ್ತೇನೆ. ಇಲ್ಲಿ ಜಾರಲು ಜಾಗವೇ ಇಲ್ಲ. ತೊಲೆ ಗೋಡೆಯನ್ನು ಹೊರಕ್ಕೆ ತಳ್ಳುತ್ತದೆ. ನನ್ನ ಲೆಕ್ಕದಲ್ಲಿ ಗೋಡೆಯೇ ಇರಲಿಲ್ಲ. ಅದರ ಬುಡದಲ್ಲಿ ಉಮ್ಮನನ್ನು ಕೂರಿಸಿದವಳು ನಾನು.

ಓಡಿದೆ. ಹತ್ತು ಹೆಜ್ಜೆಯೂ ಇರಲಿಲ್ಲ. ಉಮ್ಮ ತಲೆಯ ಮೇಲಿನ ಶಾಲಿನಿಂದ ಕೆಂಪು ಪುಡಿ ಕೊಡವುತ್ತಿದ್ದರು.

"ಎಲ್ಲಿಂದ ಬೀಳ್ತಾ ಉಂಟು ಈ ಮಣ್ಣು?"

"ಏಳಿ ಉಮ್ಮ."

"ನೀನೇ ಅಲ್ವಾ ಇಲ್ಲಿ ಕೂರಿಸಿದ್ದು?"

ಕಂಕುಳಿಗೆ ಕೈಹಾಕಿ ಎತ್ತಿದೆ. ಮಂಡಿ ಹಿಡಿದುಕೊಂಡು ಅವರು ಒಂದೊಂದೇ ಹೆಜ್ಜೆ ಇಟ್ಟರು. ಬೈದೆ, ಎಳೆದೆ, ಅತ್ತೆ. ಬಾವಿಕಟ್ಟೆಯವರೆಗೆ ಬಂದಿದ್ದೆವು. ಹಿಂದೆ ದೊಪ್ಪನೆ ಸದ್ದಾಯಿತು. ಗೋಡೆಯ ಮೇಲಿನ ಸಾಲಿನ ಒಂದು ಕಲ್ಲು ಕುರ್ಚಿಯನ್ನು ಮುರಿದು ಈರುಳ್ಳಿಯ ನಡುವೆ ಬಿದ್ದಿತ್ತು.

ಮಾಮ ಅಡುಗೆಯವರ ಜೊತೆ ತಾವೇ ಕೊಡಪಾನದಲ್ಲಿ ನೀರು ತಂದು ಒಲೆಗಳಿಗೆ ಸುರಿದರು. ಬಿರಿಯಾನಿ ಅಂಗಳದಲ್ಲಿ ಬೆಂದಿತು, ಊಟ ತಡವಾಯಿತು.

ಮರುವಾರ ಕಾಲೇಜಿನಲ್ಲಿ ತೊಲೆಯ ಎರಡೂ ತುದಿ ಬಿಗಿದು, ಗೋಡೆ ಸೇರಿಸಿ ಮತ್ತೆ ಬೆಂಕಿ ಹಚ್ಚಿದೆ. ಮೊದಲು ಸರಿದದ್ದು ಆ ಮೇಲಿನ ಸಾಲೇ. ಆ ದಿನ ಚಹಾ ಮೇಜಿನ ಮೇಲೆಯೇ ಆರಿತು.

ಈಗ ಯಾವ ಮದುವೆಗೆ ಹೋದರೂ ಉಮ್ಮ ಬಾಗಿಲಲ್ಲೇ ನಿಂತು, ಎಲ್ಲರಿಗೂ ಕೇಳುವ ಹಾಗೆ ತಮಾಷೆ ಮಾಡುತ್ತಾರೆ: "ಹೇಳು ಮಗಳೇ, ನಾನು ಎಲ್ಲಿ ಕೂರಲಿ?" ಸುತ್ತಲಿದ್ದವರು ನಗುತ್ತಾರೆ. ನಾನು ಮೇಲೆ ನೋಡುತ್ತೇನೆ, ಗೋಡೆಗಳನ್ನೂ ನೋಡುತ್ತೇನೆ.