ಅತ್ತೆ ಓದಿದ್ರೆ ಊರೇ ಓದುತ್ತೆ

ನೋಡಿ ಸ್ವಾಮಿ, ಓಡುವ ಬೈಕಿನಿಂದಲೇ ಯಾವ ಬೋರ್ಡನ್ನಾದರೂ ಓದಿ ಬಿಸಾಕುವ ಗಂಡು ಈ ಊರಲ್ಲಿದ್ದರೆ ಅದು ನಾನೊಬ್ಬನೇ. ಅಂಥ ನನ್ನನ್ನೇ, ಊರಿಗೆಲ್ಲ ಬೋರ್ಡು ಬರೆಯುವ ಬೋರ್ಡಕ್ಕ ತಮ್ಮ ಅಕ್ಷರ ಓದಿ ನೋಡುವ ಕೆಲಸಕ್ಕೆ ರಿಜೆಕ್ಟ್ ಮಾಡಿದ್ದಾರೆ. "ಚೆನ್ನಾಗಿ ಕಾಣೋ ಕಣ್ಣು ಇಟ್ಕೊಂಡು ನಾನೇನ್ ಮಾಡ್ಲೋ? ಹೋಗಾಚೆ!"

ಬೆಳಕು ಈಗಷ್ಟೇ ಹರಿದಿದೆ. ಆಸ್ಪತ್ರೆ ಗೇಟಿಗೆ ಒರಗಿಸಿದ ಏಣಿಯ ಮೇಲೆ ಬೋರ್ಡಕ್ಕನ ಎಂಟ್ರಿ. ಹಿನ್ನೆಲೆ ಸಂಗೀತ ಇಲ್ಲ, ಸೀಮೆಎಣ್ಣೆ ವಾಸನೆ ಇದೆ. ಕೆಂಪು ಹಲಗೆಯ ಮೇಲೆ ಬಿಳಿ ಬಣ್ಣದಲ್ಲಿ 'ತುರ್ತು ಚಿಕಿತ್ಸೆ' ಮೂಡುತ್ತಿದೆ. ರಸ್ತೆಯಾಚೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಅವರ ಅತ್ತೆ. ಎರಡೂ ಕಣ್ಣಿಗೆ ಪೊರೆ. ಬೋರ್ಡಕ್ಕ ಬರೆಯುವ ಪ್ರತಿ ಬೋರ್ಡಿಗೂ ಅವರೇ ಸೆನ್ಸಾರ್ ಮಂಡಳಿ.

"ಅತ್ತೆ ಓದಿದ್ರೆ ಊರೇ ಓದುತ್ತೆ," ಎನ್ನುತ್ತಾರೆ ಬೋರ್ಡಕ್ಕ.

ಗಂಡ ತೀರಿಕೊಂಡ ಮೇಲೆ ಅವನ ಕುಂಚ ಹಿಡಿದವರು. ಹೆಂಗಸು ಬರೆದ ಬೋರ್ಡಾ ಎಂದು ಅಂಗಡಿಯವರು ಮೂಗು ಮುರಿದರು. ಮುರಿದ ಮೂಗು ಹಾಗೇ ಇರಲಿ ಎಂದು ಇವರು ಬರೆಯುತ್ತಲೇ ಹೋದರು.

"ಅಕ್ಷರದ ಹೊಟ್ಟೆ ಖಾಲಿ ಇರ್ಬೇಕು ಕಣೋ. ತುಂಬ್ಕೊಂಡ್ರೆ ದೂರಕ್ಕೆ ಬರೀ ಉಂಡೆ. ಪಕ್ಕದ್ದಕ್ಕೆ ತಾಗ್ಬಾರ್ದು, ಬಾಲ ಗಿಡ್ಡ ಇರ್ಬೇಕು. ಎದೆ ಹಿಡ್ಕೊಂಡು ಓಡಿ ಬರೋರಿಗೆ ನನ್ನ ಸೊಗಸು ನೋಡೋಕೆ ಪುರುಸೊತ್ತಿರುತ್ತಾ?"

ಆದರೆ ಆಸ್ಪತ್ರೆಯ ಹೊಸ ಮ್ಯಾನೇಜರ್‌ಗೆ ಸೊಗಸೇ ಬೇಕು. ಬಳ್ಳಿಯಂತೆ ಸುರುಳಿ ಸುತ್ತಿದ ಅಕ್ಷರಗಳ ಪ್ರಿಂಟ್ ಹಾಳೆ ತಂದು ನಿಂತಿದ್ದಾರೆ. ಪಂದ್ಯ ಇಷ್ಟೇ: ಅತ್ತೆ ಓದಿದರೆ ಬೋರ್ಡಕ್ಕನ ಅಕ್ಷರ ಉಳಿಯುತ್ತದೆ. ಇಲ್ಲವಾದರೆ ಆಸ್ಪತ್ರೆಯ ಅಷ್ಟೂ ಬೋರ್ಡು ಬದಲು, ಬೋರ್ಡಕ್ಕ ಮನೆಗೆ.

ಅತ್ತೆ 'ತುರ್ತು ಚಿಕಿತ್ಸೆ' ಎಂದು ಗುಡುಗಿದರು, ಮ್ಯಾನೇಜರ್ ಬೆವರಿದರು, ಶುಭಂ. ಹೀಗೆ ಬರೆದು ಮುಗಿಸೋಣ ಅಂದುಕೊಂಡಿದ್ದೆ. ನಡೆದದ್ದು ಬೇರೆ. ಅತ್ತೆ ತಡವರಿಸಿದರು. ನನಗೆ ತಡೆಯಲಾಗಲಿಲ್ಲ. ಹಿಂದಿನಿಂದ ಬಗ್ಗಿ ಕಿವಿಯಲ್ಲಿ ಉತ್ತರ ಊದಿಬಿಟ್ಟೆ.

ಅತ್ತೆ ರಸ್ತೆಗೆಲ್ಲ ಕೇಳುವಂತೆ ಕೂಗಿದರು: "ಲೇ ಸೊಸೆ, ಈ ಕೋತಿ ತುರ್ತು ಚಿಕಿತ್ಸೆ ಅಂತಿದ್ದಾನೆ. ನಂಗೆ ಕೊನೇದು ಕಾಣ್ತಾ ಇಲ್ವೇ! ಕೆಳಗಿನ ಒತ್ತು ಮೇಲಕ್ಕೆ ಅಂಟ್ಕೊಂಡಿದೆ!"

ಮ್ಯಾನೇಜರ್ ನಕ್ಕರು. "ಸೋತ್ರಲ್ಲಮ್ಮ. ಇಳೀರಿ."

ಬೋರ್ಡಕ್ಕ ಇಳಿಯಲಿಲ್ಲ. ಸೀಮೆಎಣ್ಣೆ ಬಟ್ಟೆಯಿಂದ ಹಸಿ ಒತ್ತನ್ನು ಒರೆಸಿ, ಬೆರಳಗಲ ಕೆಳಗೆ ಮತ್ತೆ ಬರೆಯತೊಡಗಿದರು.

"ಸೋತಿದ್ದು ನಿಜ ಸಾರ್. ಈಗ ನಿಮ್ಮ ಹಾಳೇನೂ ಬಿಚ್ಚಿ ಹಿಡೀರಿ. ಅತ್ತೆ ಅದನ್ನ ಓದಿದ್ರೆ ನಾನೇ ಅಂಟಿಸ್ಕೊಡ್ತೀನಿ. ಅಲ್ಲೀತನಕ ನನ್ನ ಏಣಿ ಮುಟ್ಬೇಡಿ."