ಪಾಳಿ ಹಚ್ಚದ ಬಾಟ್ಲಿ

ಮಡಿವಾಳೆಪ್ಪ ಹವಾಲ್ದಾರರ ಕೈಯಲ್ಲಿ ಆ ಕಟ್ಟಿಗೆಯ ಪೆಟ್ಟಿಗೆ ಕಂಡರೆ ಸಾಕು, ಕಲಘಟಗಿಯ ಬಸ್ಸಿನಲ್ಲಿ ಇಡೀ ಸೀಟು ಖಾಲಿಯಾಗುತ್ತಿತ್ತು. ಎಂಬತ್ತರ ದಶಕದ ಮಾತು. ಸಂಶಯದ ಸಾವುಗಳಲ್ಲಿ ಡಾಕ್ಟರು ತೆಗೆದ ಹೊಟ್ಟೆಯ ತುಣುಕು ಅದರೊಳಗೆ ಉಪ್ಪುನೀರಿನ ಬಾಟ್ಲಿಗಳಲ್ಲಿ ಇರುತ್ತಿತ್ತು, ಮೇಲೆ ಅರಗಿನ ಮುದ್ರೆ. ವಿಷ ಉಂಟೋ ಇಲ್ಲವೋ ಎಂದು ಬೆಂಗಳೂರಿನ ಲ್ಯಾಬಿನವರು ಹೇಳಬೇಕು. ಡಿಎನ್‌ಎ ಎಂಬ ಹೆಸರನ್ನು ಆಗ ಹವಾಲ್ದಾರರಿರಲಿ, ಅವರ ಸಾಹೇಬರೂ ಕೇಳಿರಲಿಲ್ಲ. ರೈಲಿನಲ್ಲಿ ಯಾರಾದರೂ ಕೇಳಿದರೆ ‘ಉಪ್ಪಿನಕಾಯಿ’ ಎಂದುಬಿಡುವರು. ಒಮ್ಮೆ ಒಬ್ಬ ಮುದುಕಿ ರೊಟ್ಟಿ ಬಿಚ್ಚಿಕೊಂಡು, “ಒಂಚೂರು ನೀಡಪಾ” ಎಂದು ಗಂಟುಬಿದ್ದದ್ದನ್ನು ಸಾಯುವ ತನಕ ಹೇಳಿ ನಗಿಸಿದರು. ಅಂಥ ನಗೆಯ ಮನುಷ್ಯ ಈಗೆಲ್ಲಿ ಸಿಗಬೇಕು!

ಅವರ ಠಾಣೆಗೊಂದು ಕೆಟ್ಟ ಚಾಳಿಯಿತ್ತು. ಒಂದೇ ಬಾಟ್ಲಿಗಾಗಿ ಒಬ್ಬನನ್ನು ಅಷ್ಟು ದೂರ ಕಳಿಸುವುದೇ? ನಾಲ್ಕಾರು ಕೂಡಲಿ, ಒಮ್ಮೆಲೆ ಒಯ್ದರಾಯಿತು. ಹಿಂದಿನ ಖೋಲಿಯಲ್ಲಿ ಬಾಟ್ಲಿಗಳು ಕೂಡುತ್ತಲೇ ಇದ್ದವು. ಕೂಡಿದ್ದನ್ನೆಲ್ಲ ಒಯ್ದು ಸುರಿದರೆ ಲ್ಯಾಬಿನವರಾದರೂ ಏನು ಮಾಡಿಯಾರು? ಮಡಿವಾಳೆಪ್ಪನವರಿಗೂ ಇದರಲ್ಲಿ ತಪ್ಪೇನೂ ಕಂಡಿರಲಿಲ್ಲ. ಸಂತೆಗೆ ಹೋದವರು ಎಲ್ಲ ಸಾಮಾನು ಒಮ್ಮೆಲೆ ತರುವುದಿಲ್ಲವೇ, ಎನ್ನುವರು.

ಮಿಶ್ರಿಕೋಟಿ ಕಡೆಯ ಹಳ್ಳಿಯೊಂದರಲ್ಲಿ ನೀಲಕ್ಕನ ಗಂಡ ಮಧ್ಯಾಹ್ನ ಉಂಡು ಮಲಗಿದವನು ವಾಂತಿ ಮಾಡಿಕೊಂಡು ತೀರಿಕೊಂಡ. “ನನ್ನ ಮಗಗ ಇಕೀನಽ ವಿಷಾ ಹಾಕ್ಯಾಳ್ರಿ” ಎಂದು ಅತ್ತೆ ಮಹಾದೇವಕ್ಕ ಎದೆ ಬಡಿದುಕೊಂಡಳು. ಊರ ಹಿರಿಯರು ಕೂಡಿ ತೀರ್ಮಾನ ಕೊಟ್ಟರು: ಬೆಂಗಳೂರಿನ ವರದಿ ಬರುವ ತನಕ ಸೊಸೆ ತವರಿನಲ್ಲಿರಲಿ, ಕೂಸು ಅಜ್ಜಿಯ ಹತ್ತಿರವಿರಲಿ. ಆ ಕೂಸು ಗುರವ್ವ ಇನ್ನೂ ಮೊಲೆ ಬಿಟ್ಟಿರಲಿಲ್ಲ.

ಸಂತೆಯ ದಿನ ಬಂತೆಂದರೆ ನೀಲಕ್ಕ ಠಾಣೆಯ ಕಟ್ಟೆಗೆ ಬಂದು ನಿಲ್ಲುವಳು.

“ರಿಪೋರ್ಟ್ ಬಂತೇನ್ರಿ ಕಾಕಾ?”

“ಬೆಂಗಳೂರಾಗ ಅಗದಿ ಗದ್ದಲ ಐತಿ ತಂಗೀ. ಪಾಳಿ ಬರಬೇಕಲಾ” ಎನ್ನುವರು ಹವಾಲ್ದಾರರು. ಕೇಳಿದವರಿಗೆಲ್ಲ ಹಾಗೆನ್ನುವುದೇ ರೂಢಿ.

ಹೀಗೇ ವರ್ಷ ಕಳೆಯಿತು. ದೀಪಾವಳಿಯ ಮುಂದೆ ಖೋಲಿಗೆ ಸುಣ್ಣ ಬಳಿಯಲು ಬಾಟ್ಲಿಗಳನ್ನೆಲ್ಲ ಪಡಸಾಲೆಗೆ ತಂದಿಟ್ಟಿದ್ದರು. ಆ ದಿನವೂ ನೀಲಕ್ಕ ಬಂದಳು. ಸಾಲಿ ಕಲಿತ ಹೆಣ್ಣುಮಗಳು, ಒಂದು ಬಾಟ್ಲಿಗೆ ಅಂಟಿಸಿದ ಚೀಟಿ ಓದಿದಳು.

“ಇದು ನಮ್ಮನಿಯವರ ಹೆಸರಲ್ರಿ ಕಾಕಾ? ಬೆಂಗಳೂರಾಗ ಐತಿ ಅಂದಿದ್ರಿ…”

ಆಕೆ ಬೈದಿದ್ದರೆ ಹವಾಲ್ದಾರರಿಗೆ ಸಮಾಧಾನವಾಗುತ್ತಿತ್ತು. ಆಕೆ ಬೈಯಲಿಲ್ಲ.

“ಇವತ್ತರ ಒಯ್ತೀರೇನ್ರಿ?” ಎಂದು ಕೇಳಿದಳು, ಅಷ್ಟೇ.

ಸಾಹೇಬರ ಸಂಗಡ ಜಗಳಾಡಿ, ಅದೊಂದೇ ಬಾಟ್ಲಿ ಹಿಡಿದು ಮಡಿವಾಳೆಪ್ಪ ಅಂದೇ ರೈಲು ಹತ್ತಿದರು. ಲ್ಯಾಬಿನಲ್ಲಿ ಧಾರವಾಡದ ಕಡೆಯ ದಿನಕರ ಎಂಬ ಗುಮಾಸ್ತರಿದ್ದರು. ಇದನ್ನು ಮೊದಲು ನೋಡಿಸಿರೆಂದು ಅವರಿಗೆ ಕೈಮುಗಿದರು.

“ನಿಮ್ಮದು ಮುಂದ ಇಟ್ರ ಮತ್ತೊಬ್ಬರದು ಹಿಂದ ಬೀಳತೈತ್ರಿ” ಎಂದರು ದಿನಕರ. “ಹೋದ ವರ್ಷನಽ ತಂದಿದ್ರ ಯಾವಾಗೋ ಮುಗೀತಿತ್ತು.”

ಅದನ್ನು ಪಾಳಿಗೆ ಹಚ್ಚಿ ಊರಿಗೆ ಮರಳಿದ ಮೇಲೆ ಹವಾಲ್ದಾರರು ಬಾಟ್ಲಿ ಕೂಡಗೊಡಲಿಲ್ಲ. ಒಂದಿದ್ದರೆ ಒಂದನ್ನೇ ಒಯ್ದರು. ‘ಮಡಿವಾಳೆಪ್ಪಗ ಬೆಂಗಳೂರಿನ ದ್ವಾಸಿ ತಿನ್ನೂ ಹುಚ್ಚು’ ಎಂದು ಠಾಣೆಯವರು ಆಡಿಕೊಂಡರೂ ಹಿಂದಿನ ಖೋಲಿ ಬರಿದಾಯಿತು, ಜನರಿಗೆ ವರದಿ ಬೇಗ ಬರತೊಡಗಿತು. ಒಬ್ಬ ಮನುಷ್ಯ ಮನಸ್ಸು ಮಾಡಿದರೆ ಇಷ್ಟಾಗುತ್ತದೆ. ಆದರೆ ನೀಲಕ್ಕನ ಹೋದ ದಿನಗಳು ಹೋಗಿಯೇ ಬಿಟ್ಟಿದ್ದವು.

ಮರುವರ್ಷದ ಮುಂಗಾರಿನಲ್ಲಿ ಆಕೆಯ ವರದಿ ಬಂತು: ವಿಷದ ಅಂಶವಿಲ್ಲ. ಹವಾಲ್ದಾರರೇ ಆಕೆಯನ್ನು ಕರೆದುಕೊಂಡು ಅತ್ತೆಯ ಮನೆಗೆ ಹೋಗಿ, ನಾಲ್ಕು ಮಂದಿಯ ಮುಂದೆ ಓದಿ ಹೇಳಿದರು. ಮಹಾದೇವಕ್ಕ ಕಂಬಕ್ಕೊರಗಿ ಕುಳಿತಳು. ಸೊಸೆಯ ಕಡೆ ನೋಡಿ, “ನಿನ್ನ ಕೂಸು, ಕರಕೊಂಡ ಹೋಗವಾ” ಎಂದಳು.

ಗುರವ್ವ ಅಂಗಳದ ತುಂಬ ಓಡಾಡುತ್ತಿದ್ದಳು. ನೀಲಕ್ಕ ಎರಡೂ ಕೈ ಚಾಚಿ “ಬಾರವಾ” ಎಂದಳು. ಹುಡುಗಿ ಆಕೆಯನ್ನು ಮೇಲಿಂದ ಕೆಳತನಕ ನೋಡಿದಳು. ಮರುಕ್ಷಣ “ಅವ್ವಾ!” ಎಂದು ಚೀರಿ ಓಡಿಹೋಗಿ ಮಹಾದೇವಕ್ಕನ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಮಹಾದೇವಕ್ಕ ಅಳುತ್ತಲೇ ಹುಡುಗಿಯ ಕೈ ಬಿಡಿಸಹೋದಳು. ಮಡಿವಾಳೆಪ್ಪ ಟೊಪ್ಪಿಗೆ ತೆಗೆದು ಕಣ್ಣಿಗೆ ಒತ್ತಿಕೊಂಡರು. ಆ ಕೂಸು ಅಜ್ಜಿಯನ್ನು ಅವ್ವ ಎಂದು ಕರೆದದ್ದು ತಮ್ಮಿಂದಲೇ ಎಂಬುದು ಅವರಿಗೆ ಗೊತ್ತಿತ್ತು.

“ಎಳೀಬ್ಯಾಡ್ರಿ ಅತ್ತಿ, ಅಂಜತೈತಿ” ಎಂದಳು ನೀಲಕ್ಕ. “ನಾನಽ ಇಲ್ಲೇ ಇರತೀನ್ರಿ, ಅದು ಗುರುತು ಹಿಡಿಯೂತನಾ.”