ಎಂಟು ಪಟ್ಟಿನ ತಪ್ಪು

ದೇವದುರ್ಗದಲ್ಲಿ ನನ್ನದೊಂದು ಕಂಪ್ಯೂಟರ್ ರಿಪೇರಿ ಅಂಗಡಿ ಇದೆ. ಎರಡು ವರ್ಷದ ಹಿಂದೆ ಒಂದು ಮುಂಜಾನೆ ಗಬ್ಬೂರಿನ ಹೆಣ್ಣುಮಗಳೊಬ್ಬಳು ಹಳೆಯ ಲ್ಯಾಪ್‌ಟಾಪನ್ನು ಟವೆಲಿನಲ್ಲಿ ಸುತ್ತಿಕೊಂಡು ಬಂದಳು. ಅದು ಅವಳ ತಂಗಿಯದು. ತಂಗಿ ಚಂದ್ರಬಂಡದಲ್ಲಿ ಶಿಕ್ಷಕಿಯಾಗಿದ್ದಳು. ಕೊರೋನಾದಲ್ಲಿ ಶಾಲೆ ಮುಚ್ಚಿದ್ದಾಗ ಮಕ್ಕಳಿಗಾಗಿ ಪಾಠಗಳನ್ನು ವಿಡಿಯೋ ಮಾಡಿದ್ದಳು. ಆಮೇಲೆ ಕಾಮಣಿ ರೋಗ ಬಂದು ತೀರಿಕೊಂಡಳು.

"ಅಕಿ ದನಿ ಇದರಾಗಷ್ಟ ಉಳದದರೀ. ತಗದು ಕೊಡ್ರಿ."

ಹಾರ್ಡ್ ಡಿಸ್ಕ್ ಟಿಕ್ ಟಿಕ್ ಎನ್ನುತ್ತಿತ್ತು. ಒಮ್ಮೆ ನಿಂತರೆ ಮತ್ತೆ ತಿರುಗುವ ನಂಬಿಕೆ ಇರಲಿಲ್ಲ. ಲ್ಯಾಪ್‌ಟಾಪಿನ ಬ್ಯಾಟರಿಯೂ ಸತ್ತಿತ್ತು. ಆಗ ಹತ್ತೂ ಐವತ್ತು. ದಿನಾ ಹನ್ನೊಂದಕ್ಕೆ ಕರೆಂಟ್ ಹೋಗುತ್ತಿತ್ತು.

"ಕರೆಂಟ್ ಹೋಗೂದ್ರಾಗ ಮುಗೀತದೇನ್ರಿ? ಇಲ್ಲಂದ್ರ ಕೂಡ್ತೀನಿ, ಬಂದ ಮ್ಯಾಲ ಚಾಲೂ ಮಾಡ್ರಿ."

"ಐದು ನಿಮಿಷದ ಕೆಲಸ ಬೇ ಯವ್ವಾ" ಎಂದೆ.

ಮೂವತ್ತು ಜಿಬಿ ಇತ್ತು. ಲ್ಯಾಪ್‌ಟಾಪಿನಿಂದ ನನ್ನ ಕಂಪ್ಯೂಟರಿಗೆ ನೆಟ್‌ವರ್ಕ್ ಕೇಬಲ್ ಜೋಡಿಸಿ, ಅದರ ವೇಗ ಸೆಕೆಂಡಿಗೆ ನೂರು ಮೆಗಾಬೈಟ್ ಎಂದು ಲೆಕ್ಕ ಹಾಕಿದ್ದೆ. ಅದು ನೂರು ಮೆಗಾಬಿಟ್. ಎಂಟು ಬಿಟ್ ಸೇರಿದರೆ ಒಂದು ಬೈಟ್. ಎಷ್ಟೋ ಹುಡುಗರಿಗೆ ನಾನೇ ಕಲಿಸಿದ ಮಾತು. ಪರದೆಯ ಮೇಲೆ ವೇಗ ಹನ್ನೆರಡು ಮೆಗಾಬೈಟಿಗೆ ನಿಂತಾಗ ನನಗೆ ತಿಳಿಯಿತು: ಬೇಕಾದದ್ದು ನಲವತ್ತು ನಿಮಿಷ.

ಪಕ್ಕದ ಜೆರಾಕ್ಸ್ ಅಂಗಡಿಯಲ್ಲಿ ಇನ್ವರ್ಟರ್ ಇತ್ತು. ನನ್ನ ಹಳೆಯ ಯುಪಿಎಸ್ ಎರಡು ನಿಮಿಷವಷ್ಟೇ ತಡೆಯುತ್ತಿತ್ತು; ಅದಕ್ಕೆ ಅಲ್ಲಿಂದ ಒಂದು ವೈರ್ ಎಳೆದುಕೊಂಡಿದ್ದರೆ ಸಾಕಿತ್ತು. ಆದರೆ ಎದ್ದು ಹೋದರೆ ನನ್ನ ತಪ್ಪು ಅವಳಿಗೆ ಗೊತ್ತಾಗುತ್ತದೆ ಎನಿಸಿತು. ಇವತ್ತು ಕರೆಂಟ್ ತಡವಾಗಿ ಹೋದರೂ ಹೋದೀತು ಎಂದು ಸುಮ್ಮನೆ ಕುಳಿತೆ.

ಹನ್ನೊಂದಕ್ಕೆ ಸರಿಯಾಗಿ ಕರೆಂಟ್ ಹೋಯಿತು, ಎರಡು ನಿಮಿಷಕ್ಕೆ ಯುಪಿಎಸ್ಸೂ. ಡಿಸ್ಕ್ ಮತ್ತೆ ತಿರುಗಲಿಲ್ಲ.

ನಾಲ್ಕು ಪಾಠಗಳು ಬಂದಿದ್ದವು. ಐದನೆಯದು ಅರ್ಧಕ್ಕೇ ನಿಂತಿತ್ತು: ಕಪ್ಪು ಹಲಗೆಯ ಮುಂದೆ ಸೀಮೆಸುಣ್ಣ ಎತ್ತಿದ ಕೈ, "ಮಕ್ಕಳೇ, ಈಗ ನೀವು ಹೇಳ್ರಿ" ಎನ್ನುವ ದನಿ, ಅಷ್ಟೇ. "ಡಿಸ್ಕ್ ಹಳೇದಿತ್ತು" ಎಂದೆ. ಅವಳು ನಂಬಿದಳು, ಬಂದಷ್ಟನ್ನು ಹಾಕಿಕೊಟ್ಟ ಪೆನ್ ಡ್ರೈವನ್ನು ಕೈ ಮುಗಿದು ಒಯ್ದಳು.

ಆ ದನಿ ಮಾತ್ರ ಹೋಗಲಿಲ್ಲ. ಅಂಗಡಿಯಲ್ಲಿ ಯಾವುದೇ ಫೈಲ್ ನಕಲಾಗುವಾಗ, ಪರದೆಯ ಅಂಕಿ ಇಳಿದರೆ, ಕಿವಿಯ ಹತ್ತಿರವೇ ಕೇಳಿದಂತಾಗುತ್ತಿತ್ತು. ಆರು ತಿಂಗಳು ತಡೆದು, ಕಡೆಗೆ ಬಸ್ ಹತ್ತಿ ಗಬ್ಬೂರಿಗೆ ಹೋಗಿ ಅವಳಿಗೆ ಎಲ್ಲವನ್ನೂ ಹೇಳಿದೆ. ಇನ್ವರ್ಟರಿನ ವಿಷಯವನ್ನೂ.

ಅವಳು ಜೋಳ ಹಸನು ಮಾಡುತ್ತಲೇ ಇದ್ದಳು.

"ಮಷೀನ್ ಕೆಟ್ಟಿತ್ತು ಅಂತ ತಿಳ್ಕೊಂಡಿದ್ದೆರೀ" ಎಂದಳು. "ಮನಸು ಹಗುರಿತ್ತು. ನೀವು ಹೇಳದಿದ್ರ ಚಲೋ ಇತ್ತು."

ಆಮೇಲೆ ಒಳಗೆ ಹೋಗಿ ನನಗೆ ನೀರು ತಂದು ಕೊಟ್ಟಳು.